ಎರಡನೆಯ ಕೇಳುಗ

ನನ್ನ ಮೊದಲ ಕೆಲಸ ರೇಡಿಯೋ ಕೇಳುವವರನ್ನು ಲೆಕ್ಕ ಹಿಡಿಯುವುದಾಗಿತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಟಿವಿ ಬಂದ ಮೇಲೂ ಕಾಫಿ ತೋಟದ ಆಳುಗಳು ರೇಡಿಯೋ ಕೇಳುತ್ತಾರೋ ಇಲ್ಲವೋ ಎಂದು ನಮ್ಮ ವಿಶ್ವವಿದ್ಯಾಲಯದ ಸಮೂಹ ಸಂವಹನ ವಿಭಾಗದವರಿಗೆ ತಿಳಿಯಬೇಕಿತ್ತು. ನಾನು ಮೂಡಿಗೆರೆ ಪೇಟೆಯ ಬಟ್ಟೆ ಅಂಗಡಿಯವರ ಮಗಳು. ತೋಟದವರ ಮಾತು ಬರುತ್ತದೆ, ಕಾಡುದಾರಿಗೆ ಹೆದರುವುದಿಲ್ಲ ಎಂದು ನನ್ನನ್ನು ಬಾಳೂರು ಕಡೆಗೆ ಹಾಕಿದರು. ಹೆದರುವುದಿಲ್ಲ ಎಂದವಳು ನಾನೇ. ಸುಳ್ಳು ಹೇಳಿದ್ದೆ.

ಮನೆಗೊಂದು ಡೈರಿ ಕೊಡಬೇಕು. ಮನೆಯಲ್ಲಿ ರೇಡಿಯೋ ಕೇಳುವ ಒಬ್ಬೊಬ್ಬರಿಗೆ ಒಂದೊಂದು ಅಂಕಣ. ಕೇಳಿದ ಹೊತ್ತಿನ ಮುಂದೆ ಅವರೇ ಗುರುತು ಹಾಕಬೇಕು. ಅಕ್ಷರ ಬಾರದಿದ್ದರೆ ಸೊನ್ನೆಯೋ ಗೆರೆಯೋ, ಏನಾದರೊಂದು. ವಾರಕ್ಕೊಮ್ಮೆ ನಾನು ಹೋಗಿ ಹಳೆಯದನ್ನು ತಂದು ಹೊಸದನ್ನು ಕೊಡಬೇಕು. ನನ್ನ ಡೈರಿಗಳು ಉಳಿದವರದಕ್ಕಿಂತ ಚೊಕ್ಕವಾಗಿವೆ ಎಂಬ ಜಂಭ ನನಗೆ ಬೇಕಾದಷ್ಟಿತ್ತು.

ತೋಟದ ಆಳುಗಳ ಮನೆಸಾಲಾದ ಕೂಲಿ ಲೈನಿನ ಕೊನೆಯ ಮನೆಯಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬಳಿದ್ದಳು. ಎಷ್ಟು ಜನ ಕೇಳ್ತೀರಿ ಎಂದೆ. "ಇಬ್ರು. ನಾನು, ನಮ್ಮನೆಯವ್ರು" ಎಂದಳು. ಅವರೆಲ್ಲಿ ಎಂದರೆ "ಬರ್ತಾರೆ" ಎಂದಳು. ಗಂಡನ ಹೆಸರು ಕೇಳಿ ಎರಡನೆಯ ಅಂಕಣದ ಮೇಲೆ ಬರೆದು ಹೊರಟೆ.

ಮುಂದಿನ ವಾರ ಹೋದಾಗ ಮಧ್ಯಾಹ್ನ ಒಂದು ಗಂಟೆ. ಕಾಫಿ ಹಣ್ಣು ಕುಯ್ಯುವ ಕಾಲ, ಲೈನಿನಲ್ಲಿ ನರಪಿಳ್ಳೆಯಿರಲಿಲ್ಲ. ಅವಳ ಮನೆಗೆ ಹೊರಗಿನಿಂದ ಬೀಗ. ಒಳಗೆ ರೇಡಿಯೋದಲ್ಲಿ ವಾರ್ತೆ ಬರುತ್ತಿತ್ತು. ಆರಿಸಲು ಮರೆತು ಹೋಗಿದ್ದಾಳೆ ಎಂದುಕೊಂಡು, ಸುಮ್ಮನೆ ರೂಢಿಯಂತೆ "ಯಾರಿದೀರಿ?" ಎಂದೆ. ರೇಡಿಯೋದ ದನಿ ನಿಧಾನವಾಗಿ ಇಳಿಯಿತು. ನಿಲ್ಲಲಿಲ್ಲ, ಇಳಿಯಿತು. ಕಿವಿ ಕೊಟ್ಟರೆ ಮಾತ್ರ ಕೇಳುವಷ್ಟಕ್ಕೆ ಬಂದು ನಿಂತಿತು. ನಾನು ಅಂಗಳದ ಆ ತುದಿಗೆ ಹೋಗಿ ಬಿಸಿಲಲ್ಲಿ ನಿಂತುಕೊಂಡೆ.

ಸ್ವಲ್ಪ ಹೊತ್ತಿಗೆ ಅವಳು ಊಟಕ್ಕೆ ಬಂದಳು. ಒಳಗೆ ಯಾರೋ ಇದ್ದಾರೆ ಎಂದೆ. ಅವಳು ಬೀಗ ತೆಗೆಯುತ್ತಾ, "ಹೊಸಬ್ರು ಬಂದ್ರೆ ಸಣ್ಣ ಮಾಡ್ತಾರೆ. ನಾಚಿಕೆ ಅವ್ರಿಗೆ" ಎಂದಳು. ಒಂದೇ ಕೋಣೆಯ ಮನೆ. ಒಳಗೆ ಯಾರೂ ಇರಲಿಲ್ಲ.

ಹಳೆಯ ಡೈರಿ ಕೊಟ್ಟಳು, ಎರಡೂ ಹೆಸರು ಬರೆದ ಹೊಸದನ್ನು ನಾನು ಕೊಟ್ಟೆ. ಅವಳ ಅಂಕಣದಲ್ಲಿ ಸಂಜೆಯ ಹೊತ್ತಿಗೆ ಪುಟ್ಟ ಪುಟ್ಟ ಸೊನ್ನೆ. ಎರಡನೆಯದರಲ್ಲಿ ಗೆರೆ, ಸಂಜೆಗೂ ಇತ್ತು, ಅವಳು ತೋಟದಲ್ಲಿರುವ ಹೊತ್ತಿಗೂ ಇತ್ತು. ಕೆಳಗಿನ ಹಾಳೆಗೂ ಅಚ್ಚು ಬೀಳುವಷ್ಟು ಒತ್ತಿ ಎಳೆದ ಗೆರೆಗಳು.

ದಾರಿಯಲ್ಲಿ ಸಿಕ್ಕಿದ ತೋಟದ ಮೇಸ್ತ್ರಿಯನ್ನು ಅವಳ ಗಂಡನ ಬಗ್ಗೆ ಕೇಳಿದೆ. "ಅವ್ನಾ? ಹೋದ್ ಮಳೆಗಾಲ ಹೊಳೇಲಿ ಹೋದ್ನಲ್ಲ ಮೇಡಂ. ಹೆಣ ಸಿಗ್ಲಿಲ್ಲ. ಹೆಣ ಸಿಗದೆ ತಿಥಿ ಮಾಡೋದು ಹ್ಯಾಂಗೆ? ಹಂಗೇ ಬಿಟ್ಟಿದೀವಿ" ಎಂದರು. ಗೆರೆಗಳನ್ನು ತೋರಿಸಿದೆ. ಅವರು ಗೆರೆಗಳ ಮೇಲೆ ಬೆರಳಾಡಿಸಿದರು. "ಹಾಜರಿ ಪುಸ್ತಕದಲ್ಲೂ ಹಿಂಗೇ ಒತ್ತಿ ಗೆರೆ ಎಳೀತಿದ್ದ ಮೇಡಂ. ಹಾಳೆ ಹರಿತದೆ ಅಂತ ಬೈತಿದ್ದೆ" ಎಂದು ಡೈರಿಯನ್ನು ಮಡಚಿ ನನ್ನ ಕೈಗಿಟ್ಟರು.

ಬಾಳೂರಿನ ಎಸ್‌ಟಿಡಿ ಬೂತಿನಿಂದ ವಿಭಾಗದ ನನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ನಕ್ಕರು. "ಕೇಳುಗ ಅಂದರೆ ಜೀವ ಇರೋನು ಕಣಮ್ಮ. ಹೊಸ ಡೈರಿಯಲ್ಲಿ ಆ ಅಂಕಣ ಹೊಡೆದು ಹಾಕಿ ಸಹಿ ಮಾಡು. ಮನೆಯವರ ಎದುರಿಗೇ ಮಾಡು" ಎಂದರು. ನಿಯಮವೇ ಹಾಗಿತ್ತು.

ಸಂಜೆ ಅವಳ ಮನೆಗೆ ವಾಪಸು ಹೋದೆ. ಕೆಂಪು ಪೆನ್ನು ತೆಗೆದದ್ದನ್ನು ನೋಡಿ ಅವಳಿಗೆ ಎಲ್ಲ ಗೊತ್ತಾಯಿತು. "ಬೇಡ ಮೇಡಂ. ಹಾಜರಿ ಪುಸ್ತಕದಲ್ಲಿ ತೆಗದ್ರು. ರೇಷನ್ ಕಾರ್ಡಲ್ಲಿ ತೆಗದ್ರು. ಅವ್ರ ಹೆಸ್ರು ಇರೋದು ಇದೊಂದ್ರಲ್ಲೇ. ಇರ್ಲಿ ಬಿಡಿ, ನಿಮಗೇನಾಗ್ಬೇಕು?" ಎಂದಳು. ನನಗೇನೂ ಆಗಬೇಕಿರಲಿಲ್ಲ, ನಿಜ. ಆದರೆ ನನ್ನ ಡೈರಿ ಚೊಕ್ಕವಾಗಿರಬೇಕಿತ್ತು. ಹೆಸರಿನ ಮೇಲೆ ಗೆರೆ ಎಳೆದೆ, ಪಕ್ಕದಲ್ಲಿ ಸಹಿ ಹಾಕಿದೆ. ಇಪ್ಪತ್ತಮೂರು ವಯಸ್ಸು, ಅಷ್ಟು ಕಲ್ಲುಮನಸ್ಸು ಎಲ್ಲಿಂದ ಬಂದಿತ್ತೋ ಇವತ್ತಿಗೂ ಗೊತ್ತಿಲ್ಲ.

ಮರುವಾರ ಡೈರಿಯಲ್ಲಿ ಒಂದು ಗುರುತೂ ಇರಲಿಲ್ಲ. ಅವಳ ಸೊನ್ನೆಗಳೂ ಇರಲಿಲ್ಲ. ರೇಡಿಯೋ ಗೂಡಿನಲ್ಲಿ ಸುಮ್ಮನಿತ್ತು. ಅವಳ ಮುಖ ಒಂದೇ ವಾರಕ್ಕೆ ಬಾಡಿ ಹೋಗಿತ್ತು.

"ನೀವು ಹೊಡ್ದು ಹೋದ್ಮೇಲೆ ಅವ್ರು ಬರ್ಲಿಲ್ಲ" ಎಂದಳು.

"ರೇಡಿಯೋ ನೀವೇ ಹಾಕ್ಬಹುದಿತ್ತಲ್ಲ?"

"ನಂಗೆ ಹಾಕಕ್ಕೆ ಬರಲ್ಲ ಮೇಡಂ. ಯಾವಾಗ್ಲೂ ಅವ್ರೇ ಹಾಕೋದು. ನಾನು ಬರೀ ಕೇಳೋದು."

ಚೀಲದಿಂದ ಹೊಸ ಡೈರಿ ತೆಗೆದಿಟ್ಟೆ. ಅವಳು ಅದನ್ನು ನನ್ನ ಕಡೆ ತಳ್ಳಿ, "ಬರ್ಕೊಡಿ" ಎಂದಳು, ಅಷ್ಟೇ. ಬರೆದೆ. ಎರಡನೆಯ ಅಂಕಣ, ಅವನ ಹೆಸರು, ಪಕ್ಕದಲ್ಲಿ ನನ್ನ ಸಹಿ. ಅಕ್ಷರ ಸೊಟ್ಟಗಾಯಿತು. ಅವಳು ಡೈರಿಯನ್ನು ರೇಡಿಯೋ ಪಕ್ಕದಲ್ಲಿಟ್ಟು, ಬೀಗ ಹಾಕಿ, ಬುಟ್ಟಿ ಹಿಡಿದು ನನ್ನ ಜೊತೆಗೇ ತೋಟಕ್ಕೆ ಹೊರಟಳು.

ಬಾಳೂರಿಗೆ ಹೋಗುವ ಜೀಪು ನಿಲ್ಲುವ ತಿರುವಿಗೆ ಇನ್ನೂ ಹತ್ತು ಮಾರು ಇತ್ತು. ಹಿಂದಿನಿಂದ, ಆ ಖಾಲಿ ಲೈನಿನಿಂದ, ಸ್ಟೇಷನ್ ಹುಡುಕುವ ಕರಕರ ಸದ್ದು ಬಂತು. ಆಮೇಲೆ ಹಾಡು. ಅವಳು ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, "ಬಂದ್ರು" ಎಂದಳು. ನಾನು ತಿರುಗಿ ನೋಡಲಿಲ್ಲ.

ಆ ಡೈರಿ ತರಲು ನಾನು ಹೋಗಲೇ ಇಲ್ಲ. ಕಳಸದ ಬಸ್ಸಿನಲ್ಲಿ ಬಾಳೂರಿನವರೆಗೆ ಹೋದವಳು, ಅಂಗಡಿಯಲ್ಲಿ ಒಂದು ಟೀ ಕುಡಿದು ವಾಪಸು ಹೋಗುವ ಬಸ್ಸು ಹತ್ತಿದೆ. ಗೆರೆಗಳಿದ್ದರೂ ಭಯ, ಇಲ್ಲದಿದ್ದರೂ ಭಯ. ಆದರೆ ಅವಳು ಆ ಡೈರಿ ಹಿಡಿದು ಎಷ್ಟು ವಾರ ಬಾಗಿಲಲ್ಲಿ ನನಗಾಗಿ ಕಾದಳೋ ಎಂಬುದು ಆಗ ಹೊಳೆಯಲೇ ಇಲ್ಲ.

ವಿಭಾಗಕ್ಕೆ ಕೊಡುವ ಕೊನೆಯ ಪಟ್ಟಿಯಲ್ಲಿ ಆ ಮನೆಯ ಮುಂದೆ ಏನಾದರೂ ಬರೆಯಲೇಬೇಕಿತ್ತು. "ಬಾಗಿಲು ಹಾಕಿತ್ತು. ಕೇಳುಗರು ಯಾರೂ ಇಲ್ಲ" ಎಂದು ಬರೆದೆ. ಈ ಸಲ ಅವಳನ್ನೂ ಹೊಡೆದು ಹಾಕಿದ್ದೆ.