ಹನ್ನೊಂದೂ ಜಾಗದ ವಿಲ್ಫ್ರೆಡ್ ತಾತ

ಅಮೆರಿಕದ ಪಾರ್ಸಿಪನಿಯಲ್ಲಿ ನಮ್ಮ ನಳಿನಾಕ್ಷಮ್ಮನ ಕೆಳಮನೆಯ ವಿಲ್ಫ್ರೆಡ್ ತಾತ, ಇಂಗ್ಲೆಂಡಿನ ಹಳೆಯ ಫುಟ್‌ಬಾಲ್ ಆಟಗಾರರು, ನೂರಾಮೂರು ತುಂಬಿದರೂ ಸುಮ್ಮನೆ ಕೂರುವವರಲ್ಲ, ಹಿಮ ಬಾಚುವಾಗ, ಸತ್ಯನಾರಾಯಣ ಪೂಜೆಗೆ, ಕೊನೆಗೆ ಹೋಳಿಗೆ ತಟ್ಟುವಾಗಲೂ ವಾಕರ್ ತಳ್ಳಿಕೊಂಡು ಬಂದು, "ನಾನೆಲ್ಲಿ ನಿಲ್ಲಲಿ?" ಎನ್ನುತ್ತಾರೆ, ಅವರು ತಟ್ಟಿದ ಹೋಳಿಗೆ ಚೌಕವಾದರೂ ನಾವು ಕಣ್ಣಿಗೊತ್ತಿಕೊಂಡು ತಿನ್ನುತ್ತೇವೆ ಅನ್ನಿ. ಎರಡನೇ ಮಹಾಯುದ್ಧಕ್ಕೆ ಮೊದಲು ಅವರು ತಂಡದಲ್ಲಿ ಹನ್ನೆರಡನೆಯವರು, ಯಾರಾದರೂ ಕಾಯಿಲೆ ಬಿದ್ದರಷ್ಟೇ ಆಟ. ಆಮೇಲೆ ಒಬ್ಬೊಬ್ಬರೇ ಸೈನ್ಯಕ್ಕೆ ಹೋದಂತೆ, ವಿಮಾನ ಕಾರ್ಖಾನೆಯ ಕೆಲಸಕ್ಕಾಗಿ ಊರಲ್ಲೇ ಉಳಿದ ಇವರು ಎಲ್ಲರ ಜಾಗದಲ್ಲೂ ಆಡಿದರು, ಗೋಲ್ ಕೂಡ ಕಾದರು. "ಪಾಪ, ವಾರ್ ಮುಗಿದ್ಮೇಲೆ ನಿಮ್ಗೆ ಯಾವ ಪೊಸಿಷನ್ ಉಳೀತು ಅಂಕಲ್?" ಎಂದು ನಳಿನಾಕ್ಷಮ್ಮ ಮರುಗಿದರೆ, ತಾತ ನಕ್ಕು ಕೈಮುಗಿದರು: "ಒಂದೂ ಉಳೀಲಿಲ್ಲಮ್ಮ. ಹನ್ನೊಂದು ಜನವೂ ಜೀವಂತವಾಗಿ ವಾಪಸ್ ಬಂದ್ಬಿಟ್ರು!"