ಅವರ ಕೈ ಕೆಟ್ಟಿರಲಿಲ್ಲ

ನನ್ನ ಗಂಡನ ಕೈ ಕೆಟ್ಟಿರಲಿಲ್ಲ. ಕೆಟ್ಟದ್ದು ನಾನು ತಂದುಕೊಟ್ಟ ಸ್ಪ್ಯಾನರ್ ಸೆಟ್ಟು. ಅದು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ, ಅವರು ತಮ್ಮ ಕೈಯನ್ನೇ ದೂರಿಕೊಂಡು ಕಸುಬು ಬಿಡುವುದನ್ನು ನೋಡುತ್ತ ಸುಮ್ಮನೆ ಕೂತಿದ್ದೆ.

ಇಷ್ಟು ಬರೆಯುವುದಕ್ಕೇ ಒಂದು ಇಡೀ ಬೆಳಗ್ಗೆ ಹಿಡಿಯಿತು. ನಾನು ಓದಿದ್ದು ಮೈಸೂರಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿನ ಚಾಪೆಲ್‌ಗೆ ಹೋಗಿ, ಪಾದ್ರಿಗೆ ತಮ್ಮ ತಪ್ಪು ಹೇಳಿಕೊಂಡು, ಕನ್ಫೆಷನ್ ಮುಗಿಸಿ ಹೊರಗೆ ಬರುವ ಗೆಳತಿಯರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಎಷ್ಟು ಈಸಿ, ಪಿಸುಗುಟ್ಟಿದರೆ ಮುಗಿಯಿತು ಅಂದುಕೊಳ್ಳುತ್ತಿದ್ದೆ. ಪಾಪ, ಅವರಿಗೆ ಎಷ್ಟು ಕಷ್ಟವಾಗುತ್ತಿತ್ತೋ ಏನೋ.

ನಮ್ಮಪ್ಪನಿಗೆ ಒಂದು ಲಾರಿಯಿತ್ತು. ನಂಜನಗೂಡಿನ ವರ್ಕ್‌ಶಾಪಿನಲ್ಲಿ ಅದನ್ನು ರಿಪೇರಿ ಮಾಡುತ್ತಿದ್ದ ಹುಡುಗನನ್ನೇ ಅಪ್ಪ ನನಗೆ ಗೊತ್ತುಮಾಡಿದರು. "ಓದಿಲ್ಲ, ದಿಟ. ಆದ್ರೆ ಅಂಥ ಕೈ ನಾನು ಇನ್ನೊಬ್ರತ್ರ ನೋಡಿಲ್ಲ ಕಣವ್ವ" ಅಂದರು. ನಾನು ಅತ್ತೆ, ಆಮೇಲೆ ಒಪ್ಪಿದೆ. ಒಪ್ಪಿದ ಮೇಲೆ — ಇದನ್ನೂ ಹೇಳಬೇಕು — ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು. ಓಡುತ್ತಿರುವ ಇಂಜಿನ್ನಿನ ಪಕ್ಕ ತಲೆ ವಾಲಿಸಿ ನಿಂತು, ಮಲಗಿದ ಮಗುವಿನ ಉಸಿರು ಕೇಳುವವರ ಹಾಗೆ ಕೇಳುತ್ತಿದ್ದರು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಗ್ರೀಸು ಉಳಿಯುತ್ತಿತ್ತು. ನನ್ನ ಸೀರೆಗೆ ತಾಗೀತೆಂದು ಬೆರಳು ಮಡಚಿಕೊಂಡೇ ನನ್ನ ಪಕ್ಕ ಕೂರುತ್ತಿದ್ದರು.

ಮದುವೆಯಾಗಿ ಕೆಲವು ವರ್ಷಕ್ಕೆ, ಕೆಲಸ ಕಲಿಸಿದ ಗುರುಗಳ ವರ್ಕ್‌ಶಾಪ್ ಬಿಟ್ಟು ತಿ. ನರಸೀಪುರದಲ್ಲಿ ಸ್ವಂತದ್ದು ಹಾಕಿದರು. ಅಲ್ಲಿಯವರೆಗೆ ಹಿಡಿದದ್ದೆಲ್ಲ ಗುರುಗಳ ಹಳೆಯ ಸಾಮಾನು. ಈಗ ತಮ್ಮದೇ ಬೇಕಾಯಿತು. ಯಾವುದಕ್ಕೆ ಕೈ ಬಿಚ್ಚಬೇಕು, ಯಾವುದಕ್ಕೆ ಬೇಡ ಅಂತ ದಿನವೂ ಊಟದ ಹೊತ್ತಿಗೆ ಅದೇ ಮಾತು. ಸುತ್ತಿಗೆ, ಉಳಿ, ಸ್ಕ್ರೂಡ್ರೈವರು ಅಗ್ಗದ್ದೇ ತಂದರು. "ಸ್ಪ್ಯಾನರ್ ಮಾತ್ರ ಕಂಪನಿದೇ ಬೇಕು ಕಣೆ ಸರೋಜ. ಸುತ್ತಿಗೆ ಕಾವು ಮುರಿದ್ರೆ ಇನ್ನೊಂದು ಹಾಕ್ಬೋದು. ಸ್ಪ್ಯಾನರ್ ಬಾಯಿ ಅಗಲಾದ್ರೆ ನಟ್ಟಿನ ಮೂಲೆ ತಿಂದಾಕ್ತದೆ. ಗಿರಾಕಿ ಗಾಡಿ ಹಾಳು, ನಮ್ಮ ಹೆಸರೂ ಹಾಳು" ಅಂದಿದ್ದರು.

ಆಯುಧಪೂಜೆಯ ಹಿಂದಿನ ದಿನ ಅವರಿಗೆ ಕೆಲಸ ಬಿಡುವಂತಿರಲಿಲ್ಲ. ನನಗೆ ಮೈಸೂರಿನಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ಹಳೆಯ ಕ್ಲಾಸ್‌ಮೇಟ್ಸ್ ಸೇರುವುದಿತ್ತು. ಬರುವಾಗ ಸೆಟ್ ತರುತ್ತೇನೆ ಅಂದೆ. ಕಂಪನಿಯ ಹೆಸರನ್ನು ನನ್ನ ಬಾಯಲ್ಲಿ ಹೇಳಿಸಿ, ಕೇಳಿ, ಕಳಿಸಿದರು.

ಅಂಗಡಿಯವನು ಎರಡು ಸೆಟ್ ಪಕ್ಕಪಕ್ಕ ಇಟ್ಟ. ಅದೇ ಹೊಳಪು, ಅದೇ ಅಳತೆ. ಬೆಲೆ ಮಾತ್ರ ಆಕಾಶ ಭೂಮಿ. ವ್ಯತ್ಯಾಸ ಏನು ಅಂತ ಕೇಳಿದೆ. "ನೋಡೋಕೆ ಏನೂ ಇಲ್ಲ ಮೇಡಂ. ಬಿಗಿಯಾಗಿರೋ ನಟ್ಟಿಗೆ ಹಾಕಿ ಎಳೆದಾಗ ಗೊತ್ತಾಗ್ತದೆ" ಅಂದ. ಅಂದರೆ, ನನಗೆ ಹೇಳಿದವರಿದ್ದರು. ಗೊತ್ತಿಲ್ಲದೆ ಮಾಡಿದೆ ಅನ್ನುವ ಹಾಗಿಲ್ಲ.

ಅಗ್ಗದ್ದು ತೆಗೆದುಕೊಂಡೆ. ಉಳಿದ ದುಡ್ಡಿನಲ್ಲಿ ಎದುರು ಅಂಗಡಿಯಲ್ಲಿ ಒಂದು ಜಾರ್ಜೆಟ್ ಸೀರೆ ಕೊಂಡು, ಗೆಳತಿಯ ಮನೆಯಲ್ಲೇ ಉಟ್ಟುಕೊಂಡೆ. ತಿಳಿನೀಲಿ ಬಣ್ಣ. ಟೀ ಕುಡಿಯುತ್ತ ಯಾರೋ ಕೇಳಿದರು, "ಯುವರ್ ಹಸ್ಬೆಂಡ್?" "ಇಂಜಿನಿಯರ್" ಅಂದೆ. ಆ ಸೀರೆ ಉಟ್ಟಿದ್ದರಿಂದಲೇ ಆ ಸುಳ್ಳು ಅಷ್ಟು ನಯವಾಗಿ ಬಂತು ಅನ್ನಿಸುತ್ತದೆ — ಅಥವಾ ಆ ಸುಳ್ಳಿಗೋಸ್ಕರವೇ ಸೀರೆ ಕೊಂಡಿದ್ದೆನೋ.

ಸಂಜೆ ಇವರು ಸೋಪು ಹಾಕಿ ಕೈ ತೊಳೆದು ಬಂದರು. ಪೆಟ್ಟಿಗೆ ಬಿಚ್ಚಿ ಒಂದು ಸ್ಪ್ಯಾನರ್ ಎತ್ತಿ, ಅದರ ಮೇಲಿನ ಇಂಗ್ಲಿಷ್ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

"ನಾನು ಹೇಳಿದ್ದೇ ತಾನೆ? ಓದು, ಕೇಳಾನ."

ನಾನು ಓದಿದೆ — ಅಲ್ಲಿ ಇಲ್ಲದ ಹೆಸರನ್ನು.

ಹಬ್ಬ ಕಳೆಯಲಿ, ಹೇಗೋ ಬದಲಾಯಿಸೋಣ ಅಂದುಕೊಂಡಿದ್ದೆ. ಮರುದಿನ ಬೆಳಗ್ಗೆ ಅವರು ಸ್ಪ್ಯಾನರುಗಳಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಏರಿಸಿದರು. ಅವರಿಗೆ ಗುರುಗಳು ಕಲಿಸಿದ್ದ ನಿಯಮವೊಂದಿತ್ತು. ಪೂಜೆ ಕಂಡ ಸಾಮಾನನ್ನು ಆಮೇಲೆ ದೂರಬಾರದು, ಹಿಂದಕ್ಕೆ ಕೊಡಬಾರದು. ತಪ್ಪಾದರೆ ಅದು ಕೈಯ ತಪ್ಪು. ಬೇರೆ ಮೆಕ್ಯಾನಿಕ್ಕುಗಳು ನಕ್ಕರೂ ಇವರು ಅದನ್ನು ಮೀರಿದವರಲ್ಲ. ನನಗೆ ಆ ನಿಯಮ ಒಳ್ಳೆಯ ಆಸರೆಯಾಯಿತು. ಇನ್ನು ಯಾರೂ ನನ್ನನ್ನು ಕೇಳುವುದಿಲ್ಲವಲ್ಲ!

ಮೊದಮೊದಲು ಬೆರಳ ಗೆಣ್ಣು ಕಿತ್ತುಕೊಂಡು ಬರುತ್ತಿದ್ದರು. ಜಾರಿತು ಅನ್ನುತ್ತಿದ್ದರು. ನಾನು ಅರಿಸಿನ ಹಚ್ಚುತ್ತಿದ್ದೆ — ಎಷ್ಟು ಮೆತ್ತಗೆ ಹಚ್ಚುತ್ತಿದ್ದೆನೆಂದರೆ, ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಹೆಡತಲೆ ಊರಿನ ಒಬ್ಬರ ಟ್ರ್ಯಾಕ್ಟರು ಬಂತು. ನಾನು ಬುತ್ತಿ ತೆಗೆದುಕೊಂಡು ಹೋದ ಹೊತ್ತು. ಇಂಜಿನ್ನಿನ ಬೋಲ್ಟೊಂದಕ್ಕೆ ಸ್ಪ್ಯಾನರ್ ಹಾಕಿ ಎಳೆದರು. ಜಾರಿತು. ಮತ್ತೆ ಎಳೆದರು. ಬೋಲ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾದವು. ಅದನ್ನು ಕೊನೆಗೆ ಉಳಿ ಹಾಕಿ ಹೊಡೆದೇ ತೆಗೆಯಬೇಕಾಯಿತು, ಅದರ ಕೆಳಗಿನ ಲೋಹವೂ ಸೀಳಿತು.

ಟ್ರ್ಯಾಕ್ಟರಿನವರು ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಅಂದರು. "ಏನ್ ಮಾದೇವಣ್ಣ, ಕೈ ನಡುಗ್ತದಾ? ಇಷ್ಟ್ ಬೇಗ ಮುದ್ಕ ಆಗೋದಾ? ಓಗು, ಮನೇಲಿ ಎಂಡ್ರು ಜೊತೆ ಕೂತ್ಕಂಡು ಅವ್ರೆಕಾಯಿ ಸುಲಿ."

ಎಲ್ಲರೂ ನಕ್ಕರು. ಇವರೂ ನಗುವುದಕ್ಕೆ ನೋಡಿದರು. ನಾನು ಬುತ್ತಿ ಹಿಡಿದು ನಿಂತಿದ್ದೆ. ಒಂದು ಮಾತು ಸಾಕಿತ್ತು, ಅಲ್ಲೇ, ಆಗಲೇ —

ಆಡಲಿಲ್ಲ.

ಅದಾದ ಮೇಲೆ ಅವರು ಪ್ರತಿ ನಟ್ಟಿಗೂ ಹೆದರತೊಡಗಿದರು. ಊಟಕ್ಕೆ ಕೂತಾಗ ಬಲಗೈಯನ್ನು ಚಾಚಿ ನೋಡಿಕೊಳ್ಳುತ್ತಿದ್ದರು, ನಡುಗುತ್ತದಾ ಅಂತ. "ನರ ಸೋತದೆ ಕಣೆ. ಅಷ್ಟು ಒಳ್ಳೆ ಸೆಟ್ ತಂದ್ಕೊಟ್ಟೆ ನೀನು, ನನ್ಕೈಲಿ ಆಗ್ಲಿಲ್ಲ" ಅಂತ ನನಗೇ ಸಮಾಧಾನ ಹೇಳಿದರು. ವರ್ಕ್‌ಶಾಪ್ ಮುಚ್ಚಿದರು. ನಂಜನಗೂಡಿಗೆ ಹಿಂತಿರುಗಿ, ನನ್ನ ಮೈದುನ ನಾಗೇಶನ ಸ್ಪೇರ್ ಪಾರ್ಟ್ಸ್ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತರು. ಮುದುಕರಾಗುವ ತನಕ ಅಲ್ಲೇ ಕೂತಿದ್ದರು. ರಸ್ತೆಯಲ್ಲಿ ಯಾವುದಾದರೂ ಇಂಜಿನ್ ತಪ್ಪುತಪ್ಪಾಗಿ ಓಡಿದರೆ ಅರ್ಧ ಏಳುತ್ತಿದ್ದರು, ಮತ್ತೆ ಕೂರುತ್ತಿದ್ದರು. ನಾನು ಅದನ್ನು ನೋಡಿದ್ದೇನೆ. ಒಂದೆರಡು ಸಲವಲ್ಲ.

ಈಗ ನಾಗೇಶನ ಮೊಮ್ಮಗಳು ಚೈತ್ರ ತಾಂಡವಪುರದಲ್ಲಿ ಟೂ ವೀಲರ್ ರಿಪೇರಿ ಅಂಗಡಿ ಹಾಕುತ್ತಿದ್ದಾಳೆ. ಹೋದ ವಾರ ಬಂದು ಇವರ ಪಕ್ಕ ಕೂತು ಫೋನ್ ಹಿಡಿದಳು. "ದೊಡ್ಡ ತಾತ, ಟೂಲ್ಸ್ ಪ್ರೀಮಿಯಂ ತಗೊಳ್ಳಾ, ಬಜೆಟ್ಟಿನದೇ ಸಾಕಾ? ನೋಡಿ ನೋಡಿ ತಲೆ ಕೆಟ್ಟೋಯ್ತು."

"ಅಗ್ಗದ್ದೇ ತಗೊ ಮಗ. ನಾನು ದೊಡ್ಡ ಕಂಪನಿದೇ ಹಿಡಿದಿದ್ದೆ. ಏನಾಯ್ತು? ಕೈ ಸರಿಯಿಲ್ದಿದ್ರೆ ಯಾವ್ದಾದ್ರೂ ಅಷ್ಟೆ. ನಟ್ಟು ಜಾರ್ತು ಅಂದ್ರೆ ಸಾಮಾನನ್ನ ಬಯ್ಯಬೇಡ, ನಿನ್ ಕೈ ನೋಡ್ಕೊ."

ಅವಳು ತಲೆಯಾಡಿಸಿದಳು. ಆ ಹುಡುಗಿ ನಾಳೆ ತನ್ನ ಕೈಯನ್ನು ಚಾಚಿ ನೋಡಿಕೊಳ್ಳುವುದು ನನ್ನ ಕಣ್ಣಿಗೆ ಕಟ್ಟಿತು. ಅಡುಗೆಮನೆಯಿಂದ ಹೊರಗೆ ಬಂದೆ.

"ರೀ, ಅದು ಕಂಪನಿದಲ್ಲ. ನಾನು ತಂದದ್ದು ಅಗ್ಗದ್ದು. ನಿಮಗೆ ಸುಳ್ಳು ಓದಿ ಹೇಳಿದೆ" ಅಂದೆ. ಸೀರೆಯ ಕತೆಯನ್ನೂ, ಇಂಜಿನಿಯರ್ ಅಂದದ್ದನ್ನೂ ಹೇಳಿದೆ. ಎಲ್ಲವನ್ನೂ.

"ಏನ್ ದೊಡ್ಡಜ್ಜಿ ನೀನು..." ಅಂದಳು ಚೈತ್ರ.

ಇವರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಯಾವುದೋ ಹಳೆಯ ಲೆಕ್ಕವನ್ನು ಮನಸ್ಸಿನಲ್ಲೇ ಮತ್ತೆ ಹಾಕುವವರ ಹಾಗೆ.

"ಹೆಡತಲೆ ಟ್ರ್ಯಾಕ್ಟರು — ಅದೂನಾ?"

"ಅದೂ."

"ಹಂಗಾದ್ರೆ ನಾನು ಬಿಡಬೇಕಾಗಿರ್ಲಿಲ್ಲ."

"ಬೇಕಾಗಿರ್ಲಿಲ್ಲ" ಅಂದೆ.

ಅವರು ಚೈತ್ರಳ ಕಡೆಗೆ ತಿರುಗಿದರು. "ಸ್ಪ್ಯಾನರ್ ಮಾತ್ರ ಕಂಪನಿದು ತಗೊ. ಮಿಕ್ಕಿದ್ದು ನಿಧಾನಕ್ಕೆ" ಅಂದರು. ಎದ್ದು ಹೋಗಿ ಜಗುಲಿಯ ಮೇಲೆ ಕೂತರು. ಮಧ್ಯಾಹ್ನ ಊಟಕ್ಕೆ ಕರೆದೆ, ಬಂದರು. ಅನ್ನಕ್ಕೆ ತುಪ್ಪ ಬಡಿಸಿದೆ, ಸಾಕು ಅಂದರು. ಎಂದಿನ ಹಾಗೆಯೇ ಅಂದರು. ನನಗೆ ಅದನ್ನೇ ತಡೆದುಕೊಳ್ಳಲು ಆಗಲಿಲ್ಲ.

ಕ್ಷಮಿಸಿ ಅಂತ ನಾನು ಇನ್ನೂ ಕೇಳಿಲ್ಲ. ಕೇಳುವುದೂ ಇಲ್ಲ. ಕೇಳಿದರೆ ಅವರು ಕ್ಷಮಿಸಿಬಿಡುತ್ತಾರೆ.