ನೌಕರಿ ತೆಗೆದು ಹೊದಿಸಿದ ಶಾಲು

ದುಬೈಯ ಗೋದಾಮಿನವರು ನಮ್ಮನ್ನು ಕೆಲಸದಿಂದ ತೆಗೆದದ್ದು ಶಾಲು ಹೊದಿಸಿ. ಮ್ಯಾನೇಜರ್ ಜಹೀರಾಬಾದಿನವ, ನಮ್ಮ ಕಡೆಯ ರಿವಾಜು ಬಲ್ಲವ. ತೆಲಂಗಾಣ ಗಡಿಯ ಯಾಲಾಲ್, ತಾಂಡೂರಿನ ನಾವೆಲ್ಲ ಸನ್ಮಾನವೆಂದು ಕತ್ತು ಬಗ್ಗಿಸಿದೆವು. ಫಿಲಿಪೀನ್ಸಿನ ಡ್ಯಾನಿಲೊ ಮಾತ್ರ ಕೈ ಅಡ್ಡ ಹಿಡಿದ.

"ನಾ ಕೆಲಸ ಬಿಟ್ಟಿಲ್ಲ, ನೀವು ತೆಗದೀರಿ. ನೋಟಿಸ್ ತಿಂಗಳ ಪಗಾರ ಕೊಡ್ರಿ," ಎಂದ ಒಡಕು ಹಿಂದಿಯಲ್ಲಿ.

"ಮರ್ಯಾದಿ ಮಾಡಿದ್ರ ಬ್ಯಾಡ ಅಂತಾನ, ನೋಡ್ರಿ ಇವನ," ಎಂದು ಮ್ಯಾನೇಜರ್ ನಮ್ಮ ಮಾತಿನಲ್ಲೇ ಚೇಷ್ಟೆ ಮಾಡಿದ. ನಾವು ನಕ್ಕೆವು, ಮ್ಯಾನೇಜರ್ ಆಗಲೇ ನಮ್ಮ ಫೋಟೊ ತೆಗೆಸಿದ.

ಡ್ಯಾನಿಲೊಗೆ ಆ ಪಗಾರ ಸಿಕ್ಕಿತೆಂದು ಕೇಳಿ ನಾವೂ ಕಾರ್ಮಿಕ ಕಚೇರಿಗೆ ಹೋದೆವು. ಮ್ಯಾನೇಜರ್ ಫೋಟೊ ಮುಂದಿಟ್ಟ: ತಾವೇ ಖುಷಿಯಿಂದ ಬಿಟ್ಟರು, ನಗುತ್ತಿದ್ದಾರಲ್ಲ. ನಮ್ಮ ಪಗಾರ ಅಲ್ಲಿಗೇ ಹೋಯಿತು.

ಈಗ ತಾಂಡೂರಿನಲ್ಲಿ ಕಲ್ಲಿನ ಲಾರಿ ಹೊಡೆಯುತ್ತೇನೆ. ಆ ಹರಾಮಖೋರನ ಶಾಲಿನಿಂದ ಗಾಜು ಒರೆಸುತ್ತೇನೆ. ಅದರ ಜರಿಯಿಂದ ಗಾಜಿಗೂ ಗೀರು ಬಿದ್ದಿವೆ.